ಮಿಷನ್ ಬಿಸಿಯಾಗುವ ಮುನ್ನ ಆಡಿದ ಮಾತು

ಮೊನ್ನೆ ಕೆಂಗೇರಿ ಉಪನಗರದ ಒಂದು ಸೈಟಿನಲ್ಲಿ, ಆಗಷ್ಟೇ ನಿಲ್ಲಿಸಿದ ಮಿಷನ್ನಿನಿಂದ ವೈರಿನ ಕನೆಕ್ಟರ್ ಕಿತ್ತು, ಪಿನ್ನುಗಳ ಕೊಳೆ ತೆಗೆಯೋಣವೆಂದು ಕ್ಲೀನರ್ ಸ್ಪ್ರೇ ಹೊಡೆದೆ. ಕಾದ ಹೈಡ್ರಾಲಿಕ್ ಎಣ್ಣೆಯ ಕಮಟು, ಅದರ ಮೇಲೆ ಸ್ಪ್ರೇಯ ಘಾಟು. ಎರಡೂ ಸೇರಿ ಮೂಗಿಗೆ ಬಡಿದದ್ದೇ ತಡ, ಕಾಕಾ ನೆನಪಾದರು. ಬಲಗೈಯನ್ನು ಮುಂದಕ್ಕೆ ಚಾಚಿ, ಅದನ್ನೇ ನೋಡುತ್ತಾ ನಿಂತಿದ್ದ ಕಾಕಾ... ಆಮೇಲೆ ಕೆಲಸಕ್ಕೆ ಮನಸ್ಸೇ ಬರಲಿಲ್ಲ.

ಕಾಕಾ ಬಾಗಲಕೋಟೆ ಕಡೆಯವರು. ಮಣ್ಣು ಅಗೆಯುವ ದೊಡ್ಡ ಚೈನ್ ಮಿಷನ್ನಿನ ಆಪರೇಟರ್. ಸೈಟಿನಲ್ಲಿ ಎಲ್ಲರಿಗೂ ಅವರು ಕಾಕಾ, ನನಗೂ. ಬಕೆಟ್ಟಿನ ಹಲ್ಲಿನಿಂದ ಬೆಂಕಿಪೊಟ್ಟಣ ಸರಿಸಿ ತೋರಿಸುತ್ತಿದ್ದರು, ಪೊಟ್ಟಣ ನಜ್ಜುಗುಜ್ಜಾಗುತ್ತಿರಲಿಲ್ಲ. ಕ್ಯಾಬಿನ್ ಹತ್ತುವ ಮುಂಚೆ ಚಪ್ಪಲಿ ಕಳಚಿ ಕೆಳಗೆ ಬಿಡುವರು. ಯಾಕೆ ಎಂದರೆ, 'ಕಾಲಿಗೆ ಮಿಷನ್ ತಿಳೀಬೇಕಲ್ರಿ' ಎನ್ನುತ್ತಿದ್ದರು.

ನಾನು ಇಂಥ ಮಿಷನ್ನುಗಳ ಎಲೆಕ್ಟ್ರಾನಿಕ್ ಕಂಟ್ರೋಲ್ ಕೈಕೊಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವವನು. ಆಪರೇಟರ್ ಲಿವರ್ ಎಳೆದರೆ ಕಂಟ್ರೋಲರ್ ವಾಲ್ವಿಗೆ ಕರೆಂಟ್ ಕಳಿಸುತ್ತದೆ, ವಾಲ್ವ್ ತೆರೆದು ಎಣ್ಣೆ ನುಗ್ಗುತ್ತದೆ, ಬೂಮ್ ಎನ್ನುವ ಆ ಉದ್ದನೆಯ ತೋಳು ಏಳುತ್ತದೆ, ಇಳಿಯುತ್ತದೆ. ನಡುವೆ ಎಲ್ಲಿ ಎಡವಟ್ಟಾದರೂ ಲ್ಯಾಪ್‌ಟಾಪಿನಲ್ಲಿ ಒಂದು ಕೋಡ್ ಬರುತ್ತದೆ. ಬರಬೇಕು. ನಾಗರಬಾವಿಯಿಂದ ಕೆಂಗೇರಿವರೆಗೆ ಲ್ಯಾಪ್‌ಟಾಪ್ ಹಿಡಿದು ಈ ಕೆಲಸ ಮಾಡುವವರು ಆಗ ಕಮ್ಮಿ. ನನಗೆ ಕೊಬ್ಬಿತ್ತು, ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ.

ಅನ್ನಪೂರ್ಣೇಶ್ವರಿ ನಗರದಲ್ಲಿ ಪಾಯ ತೋಡುವಾಗ ಕಾಕಾ ನಡೆಸುತ್ತಿದ್ದ ಮಿಷನ್ನಿನ ಬೂಮ್ ಇದ್ದಕ್ಕಿದ್ದಂತೆ ಕುಲುಕಿ, ಪಕ್ಕದ ಮನೆಯ ಕಾಂಪೌಂಡ್ ಗೋಡೆ ಬಿತ್ತು. ಗೋಡೆಯಾಚೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದರಂತೆ, ಗೇಣು ಅಂತರದಲ್ಲಿ ಪಾರಾದರು. ಮಿಷನ್ನಿನ ಓನರ್ ನನ್ನನ್ನು ಕರೆಸಿದ. "ಮಿಷನ್ ತಪ್ಪೋ ಇವ್ರ ತಪ್ಪೋ, ನೋಡಿ ಹೇಳ್ಬಿಡಿ ಸಾರ್. ಇವ್ರದ್ದೇ ಆದ್ರೆ ನಾಳೆಯಿಂದ ಬೇರೆಯವ್ರನ್ನ ಹಾಕ್ತೀನಿ."

ನಾನು ಹೋದದ್ದು ಬೆಳಿಗ್ಗೆ. ರಾತ್ರಿಯೆಲ್ಲ ನಿಂತ ಮಿಷನ್ ತಣ್ಣಗಿತ್ತು. ಲ್ಯಾಪ್‌ಟಾಪ್ ಸಿಕ್ಕಿಸಿದೆ, ಒಂದು ಕೋಡ್ ಇಲ್ಲ. ಅರ್ಧ ಗಂಟೆ ಆಡಿಸಿ ನೋಡಿದೆ. ಬೂಮ್ ಬೆಣ್ಣೆಯ ಹಾಗೆ ಇಳಿಯಿತು.

"ಸಾಹೇಬ್ರ, ಈಗ ತಣ್ಣಗೈತ್ರಿ," ಎಂದರು ಕಾಕಾ. "ಮಧ್ಯಾಹ್ನದ ತನಕ ನಿಂದರ್ರಿ. ಎಣ್ಣಿ ಕಾದ ಮ್ಯಾಲ ಕುಲುಕತೈತಿ. ನಾ ಲಿವರ್ ಹಿಡದಂಗ ಹಿಡದಿರ್ತೀನ್ರಿ, ಅದ ಎಗರತೈತಿ."

ನನಗೆ ರಾಜಾಜಿನಗರದಲ್ಲಿ ಇನ್ನೊಂದು ಕೆಲಸವಿತ್ತು. ಬ್ಯಾಗ್ ಹೆಗಲಿಗೇರಿಸುತ್ತಾ ನಗುತ್ತಲೇ ಅಂದೆ, "ಕಂಪ್ಯೂಟರ್ ಸುಳ್ಳು ಹೇಳಲ್ಲ ಕಾಕಾ. ವಯಸ್ಸಾಯ್ತಲ್ಲ, ನಿಮ್ಮ ಕೈನೇ ನಡುಗ್ತಿರ್ಬೇಕು ನೋಡ್ಕೊಳಿ!"

ಓನರ್ ನಕ್ಕ. ಸುತ್ತ ನಿಂತವರೂ ನಕ್ಕರು. ಕಾಕಾ ಮಾತ್ರ ಬಲಗೈಯನ್ನು ಮುಂದಕ್ಕೆ ಚಾಚಿದರು. ಬೆರಳು ಅಗಲಿಸಿ ನೋಡಿದರು, ತಿರುಗಿಸಿ ನೋಡಿದರು... ನಾನು ಗಾಡಿ ಸ್ಟಾರ್ಟ್ ಮಾಡಿದಾಗಲೂ ಹಾಗೇ ನಿಂತಿದ್ದರು. ಮಾರನೇ ದಿನ ಅವರ ಸೀಟಿನಲ್ಲಿ ಬೇರೊಬ್ಬ ಕೂತಿದ್ದ.

ಎರಡು ತಿಂಗಳಾದ ಮೇಲೆ ಅದೇ ಓನರ್ ಫೋನ್ ಮಾಡಿದ. ಹೊಸ ಆಪರೇಟರದೂ ಅದೇ ದೂರು. ಅವತ್ತು ನಾನು ತಲುಪುವ ಹೊತ್ತಿಗೆ ಮಧ್ಯಾಹ್ನ, ಮಿಷನ್ ಮುಟ್ಟಿದರೆ ಸುಡುತ್ತಿತ್ತು. ಬಕೆಟ್ಟನ್ನು ನೆಲದ ಹತ್ತಿರ ಆಡಿಸುತ್ತಿರಲು ಹೇಳಿ, ಬೂಮ್ ವಾಲ್ವಿನ ಕನೆಕ್ಟರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಬೂಮ್ ಕುಲುಕಿತು. ಮತ್ತೆ ಅಲ್ಲಾಡಿಸಿದೆ, ಮತ್ತೆ ಕುಲುಕಿತು. ಬಿಚ್ಚಿದರೆ ಒಳಗೆಲ್ಲ ಎಣ್ಣೆ, ಒಂದು ಪಿನ್ ಸಡಿಲ. ಬಿಸಿಗೆ ಆ ಪಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಟ್ಟು ಹಿಡಿಯುತ್ತಿತ್ತು. ಅಷ್ಟು ಸಣ್ಣ ಹೊತ್ತಿಗೆ ಕಂಟ್ರೋಲರ್ ಕೋಡ್ ಬರೆದುಕೊಳ್ಳುವುದಿಲ್ಲ. ಥೂ ನನ್ನ ಜನ್ಮಕ್ಕಿಷ್ಟು! ಕಾಕಾ ಹೇಳಿದ್ದನ್ನು ಅಕ್ಷರಕ್ಕಕ್ಷರ ಆ ಪಿನ್ ಹೇಳುತ್ತಿತ್ತು. ಹೊಸ ಕನೆಕ್ಟರ್ ಹಾಕಿ, ಹಳೆಯದನ್ನು ಓನರಿಗೆ ತೋರಿಸಿದೆ. "ಹೋಗ್ಲಿ ಬಿಡಿ ಸಾರ್, ಈಗ ಸರಿಹೋಯ್ತಲ್ಲ" ಅಂದ.

ಕಾಕಾ ಅಲ್ಲೇ ಎರಡು ರಸ್ತೆ ಆಚೆ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್ ಆಗಿದ್ದರು. ಆ ಹಳೆಯ ಕನೆಕ್ಟರನ್ನೇ ಜೇಬಿಗೆ ಹಾಕಿಕೊಂಡು ಹೋದೆ. ಸಡಿಲ ಪಿನ್ ತೋರಿಸಿದೆ, ತಪ್ಪಾಯ್ತು ಕಾಕಾ ಎಂದೆ, ಓನರ್ ಜೊತೆ ಮಾತಾಡ್ತೀನಿ, ವಾಪಸ್ ಬನ್ನಿ ಎಂದೆ. ಅವರು ಅದನ್ನು ಎಡಗೈಯಲ್ಲಿ ಈಸಿಕೊಂಡು ನೋಡಿದರು. ಬಲಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು.

"ನನ್ನ ಸಮಾಧಾನಕ್ಕ ಹೇಳಾಕ ಇಲ್ಲೀತನಕ ಬಂದೀರಿ, ದೊಡ್ಡ ಮನಸು ನಿಮ್ದು," ಎಂದರು. "ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ ಅಂತ ನೀವ ಅಂದಿದ್ರೆಲ್ಲ. ಬ್ಯಾಡ್ರಿ. ಬೂಮ್ ಕೆಳಗ ಜನ ಇರ್ತಾರ."

ಎಷ್ಟು ಹೇಳಿದರೂ ನಂಬಲಿಲ್ಲ. ನನ್ನ ಸುಳ್ಳನ್ನು ಒಂದೇ ಮಾತಿಗೆ ನಂಬಿದವರು, ನಿಜವನ್ನು ಕೈಗಿಟ್ಟರೂ ನಂಬಲಿಲ್ಲ. ನನಗೆ ಸಿಟ್ಟು ಬಂತು. ಹೇಳೋದು ಹೇಳಿಯಾಯ್ತು, ಇನ್ನು ಅವರಿಷ್ಟ ಎಂದುಕೊಂಡು ಬಂದುಬಿಟ್ಟೆ. ಆಮೇಲೆ ಆ ರಸ್ತೆಯ ಕಡೆ ಹೋಗಲೂ ಇಲ್ಲ. ಕಣ್ಣೆದುರಿಗೆ ಮಾತ್ರ ಆ ಚಾಚಿದ ಕೈ ಆಗಾಗ ಬರುತ್ತಲೇ ಇತ್ತು... ಊಟಕ್ಕೆ ಕೂತಾಗ, ಸಿಗ್ನಲ್ಲಿನಲ್ಲಿ ನಿಂತಾಗ.

ಮೊನ್ನೆ ಆ ವಾಸನೆ ಬಡಿದ ಮೇಲೆ ಇರಲಾಗಲಿಲ್ಲ, ಆ ಅಪಾರ್ಟ್‌ಮೆಂಟಿಗೆ ಹೋದೆ. ಗೇಟಿನಲ್ಲಿ ಬೇರೆ ವಾಚ್‌ಮನ್. ಕಾಕಾ ಹೋದ ವರ್ಷವೇ ತೀರಿಕೊಂಡರಂತೆ. ಮಗಳು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದಾಳೆ ಎಂದು ಅವನೇ ಹೇಳಿದ. ನನ್ನ ವರ್ಕ್‌ಶಾಪಿನಿಂದ ನಾಲ್ಕು ಹೆಜ್ಜೆ. ನಿನ್ನೆ ಊಟದ ಬಿಡುವಿನಲ್ಲಿ ಗೇಟಿನ ಹತ್ತಿರ ಅವಳನ್ನು ಕಂಡು, ನಿಮ್ಮ ತಂದೆಯ ಪರಿಚಯದವನಮ್ಮ ಎಂದೆ. ಟಿಫನ್ ಡಬ್ಬಿ ಹಿಡಿದೇ ನಿಂತು ಮಾತಾಡಿದಳು.

"ಎದಿನೋವು ಅಂದ್ರು, ಅಷ್ಟರಾಗ ಹೋದ್ರು. ಒಂದ ಬ್ಯಾಸರ ನೋಡ್ರಿ ಸಾರ್. ನನ್ನ ಮಗಳನ್ನ ಅಪ್ಪಾ ಒಮ್ಮೆನೂ ಎತ್ತಿಕೊಳ್ಳಲಿಲ್ಲ. ಕೂಸಿಗೆ ಮೂರು ವರ್ಷ ಆದ್ರೂ ಇಲ್ಲ. 'ನನ್ನ ಕೈ ನಡುಗತಾವ, ಕೂಸನ್ನ ಕೆಳಗ ಬಿಟ್ಟೀನಿ, ಬ್ಯಾಡವ್ವಾ' ಅಂತಿದ್ರು. ನಾವು ನಡುಗಿದ್ದ ಕಂಡೇ ಇಲ್ರಿ. ಡಾಕ್ಟರೂ ಏನಿಲ್ಲ ಅಂದ್ರು. ಯಾರು ಅದನ್ನ ತಲ್ಯಾಗ ಹಾಕಿದ್ರೋ..."

ಹೇಳದೆ ಬಂದುಬಿಡಬಹುದಿತ್ತು. "ನಾನೇ ಕಣಮ್ಮ," ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಯಾಕ್ರಿ?" ಎಂದು ಮಾತ್ರ ಕೇಳಿದಳು.

ತಮಾಷೆಗೆ. ಇದ್ದದ್ದು ಅದೊಂದೇ ಉತ್ತರ. ಬೆಲ್ ಹೊಡೆಯುವವರೆಗೂ ಉತ್ತರಕ್ಕೆ ಕಾದು, ಅವಳು ಒಳಗೆ ಹೋದಳು.