ಅತ್ತೆಯ ನಾಯಿಯನ್ನೇ ಹಿಡಿದವಳು

ಬೀದಿದೀಪ ಇನ್ನೂ ಆರಿಲ್ಲ. ಪುರಸಭೆಯ ನಾಯಿ ಹಿಡಿಯುವ ವ್ಯಾನು ಹೊರಡುವ ಮೊದಲು ಅದರ ಹಿಂಬದಿಯ ಕಬ್ಬಿಣದ ಬಾಗಿಲನ್ನು ಎಳೆದೆಳೆದು ನೋಡುವುದು ಅದರಲ್ಲಿ ಕೆಲಸ ಮಾಡುವ ಆಕೆಯ ರೂಢಿ. ಇವತ್ತು ಅದಕ್ಕೂ ಮುಂಚೆ ಶೆಡ್ಡಿನ ಮೂಲೆಯ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಒಳಗಿನ ಕಂದು ನಾಯಿ ಸರಳುಗಳ ಸಂದಿಯಿಂದ ಮೂತಿ ತೂರಿಸಿ ಅವಳ ಅಂಗೈ ನೆಕ್ಕುತ್ತಿದೆ. ಅದರ ಹೆಸರು ದೊರೆ. ಅವಳ ಮನೆಯದೇ ನಾಯಿ. ಹಿಡಿದು ತಂದು ಗೂಡಿಗೆ ಹಾಕಿದವಳೂ ಅವಳೇ.

ಹಗ್ಗವಿಲ್ಲದೆ ಬೀದಿಯಲ್ಲಿ ಸಿಕ್ಕ ಸಾಕುನಾಯಿಯನ್ನು ಇಲ್ಲಿ ಒಂದು ವಾರ ಇಟ್ಟುಕೊಳ್ಳುತ್ತಾರೆ. ನಾಯಿ ಯಾರ ಹೆಸರಿನಲ್ಲಿದೆಯೋ ಅವರೇ ಹಗ್ಗ ತಂದು, ಕಟ್ಟಿ, ನಡೆಸಿಕೊಂಡು ಹೋಗಬೇಕು. ಬಾರದಿದ್ದರೆ ಸಾಕುತ್ತೇವೆ ಎಂದು ಬಂದ ಬೇರೆ ಯಾರಿಗಾದರೂ ಕೊಟ್ಟುಬಿಡುತ್ತಾರೆ. ದೊರೆ ಇರುವುದು ಅವಳ ಅತ್ತೆಯ ಹೆಸರಿನಲ್ಲಿ. ಅತ್ತೆ ಇನ್ನೂ ಈ ಕಡೆ ತಲೆ ಹಾಕಿಲ್ಲ. ಇವತ್ತು ಸಂಜೆಗೆ ವಾರ ಮುಗಿಯುತ್ತದೆ.

"ಬರ್ತಾರೆ ಬಿಡಕ್ಕ," ಎನ್ನುತ್ತಾನೆ ವ್ಯಾನಿನ ಡ್ರೈವರ್.

"ನಮ್ಮತ್ತೆ ಹಟ ನೀನು ನೋಡಿಲ್ಲ ಕಣೋ," ಎಂದು ಆಕೆ ಏಳುತ್ತಾಳೆ.

ವ್ಯಾನು ಬೀದಿಗಿಳಿದರೆ ಬೆಳಗಿನ ತಮಾಷೆ ಶುರು. ಅದರ ಸದ್ದು ಕೇಳಿದ್ದೇ ತಡ, ವಾಕಿಂಗ್ ಹೊರಟವರ ಜೇಬುಗಳಿಂದ ಹಗ್ಗಗಳು ಹೊರಬರುತ್ತವೆ. ಒಬ್ಬರಂತೂ ಹಗ್ಗವನ್ನು ಹೂಮಾಲೆ ಹಾಕಿಕೊಂಡ ಹಾಗೆ ತಮ್ಮ ಕೊರಳಿಗೇ ಹಾಕಿಕೊಂಡಿದ್ದಾರೆ. ಅವರ ನಾಯಿ ಮುಂದಿನ ತಿರುವಿನಲ್ಲಿ ಯಾರದೋ ಗೇಟಿಗೆ ಕಾಲೆತ್ತುತ್ತಿದೆ.

"ಸಾರ್, ಅದು ಅವನಿಗೆ. ನಿಮಗಲ್ಲ," ಎನ್ನುತ್ತಾಳೆ ಕಿಟಕಿಯಿಂದ.

"ನಮ್ಮ ನಾಯಿ ಏನೂ ಮಾಡಲ್ಲಮ್ಮ."

ಈ ಮಾತನ್ನು ಕೇಳಿ ಕೇಳಿ ಅವಳ ಕಿವಿ ತೂತಾಗಿದೆ. ಮೊಣಕೈ ಕೆಳಗಿನ ಉದ್ದನೆಯ ಗಾಯದ ಗುರುತು ಕೂಡ ಏನೂ ಮಾಡದ ಒಂದು ನಾಯಿಯದೇ. ಮೊದಲು ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಈ ಕೆಲಸಕ್ಕೆ ಸೇರಿದಾಗ ನೆಂಟರೆಲ್ಲ ಮೂಗು ಮುರಿದರು. ಈಗಲೂ ಕೆಲವು ಬೀದಿಗಳಲ್ಲಿ ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ದಿನಕ್ಕೆ ನಾಲ್ಕೈದು ನಾಯಿ ವ್ಯಾನು ಹತ್ತುತ್ತವೆ, ಅದರ ಹತ್ತರಷ್ಟು ಬೈಗುಳ ಅವಳ ಪಾಲಿಗೆ ಬರುತ್ತವೆ.

ಅವಳು ಕೋಲು ಹಿಡಿಯುವುದಿಲ್ಲ. ನಾಯಿಗೆ ಪಕ್ಕ ತಿರುಗಿ, ಕಣ್ಣಲ್ಲಿ ಕಣ್ಣಿಡದೆ, ತನಗೇನೂ ಅವಸರವಿಲ್ಲ ಎಂಬಂತೆ ಕೂರುತ್ತಾಳೆ. ನಾಯಿಯೇ ಬಂದು ಮೂಸಬೇಕು. "ಗೇಟು ತೆಗೆದಿಟ್ಟೋರು ಮನೇಲಿ ಹಾಯಾಗಿ ಕೂತಿರ್ತಾರೆ. ಗೂಡಿಗೆ ಬೀಳೋದು ಈ ಬಡಪಾಯಿ. ಅದೇ ನನಗೆ ಸಂಕಟ," ಎನ್ನುತ್ತಾಳೆ.

ಗೇಟು ತೆಗೆದಿಡುವುದರಲ್ಲಿ ಅವಳ ಅತ್ತೆಯದು ಎತ್ತಿದ ಕೈ. ನಾಯಿಯನ್ನು ಕಟ್ಟುವುದು ಪಾಪ ಎನ್ನುವುದು ಆ ಹಿರಿಯಾಕೆಯ ವಾದ. "ಅವನೊಬ್ಬನೇ ಹೋಗಿ ಒಬ್ಬನೇ ಬರ್ತಾನೆ, ನಿನ್ನ ಗಂಡನಿಗಿಂತ ವಾಸಿ," ಎಂದು ಸೊಸೆಯ ಬಾಯಿ ಮುಚ್ಚಿಸುತ್ತಿದ್ದಳು. ಸೊಸೆ ಕೆಲಸಕ್ಕೆ ಹೊರಟ ಮೇಲೆ ಹಿತ್ತಲ ಗೇಟು ಮೆಲ್ಲಗೆ ತೆರೆಯುತ್ತಿತ್ತು.

ಕಳೆದ ವಾರ ಹಾಗೆ ಬಿಟ್ಟ ದೊರೆ ಆಟಕ್ಕೆಂದು ಪೇಪರ್ ಹಾಕುವ ತಾತನ ಸೈಕಲ್ಲಿನ ಹಿಂದೆ ಓಡಿತು. ಕಚ್ಚಲಿಲ್ಲ. ಆದರೆ ಬೆದರಿದ ತಾತ ಸೈಕಲ್ ಸಮೇತ ಉರುಳಿದರು, ಮುಂಗೈ ಮುರಿಯಿತು. ಆ ಹೊತ್ತಿಗೆ ವ್ಯಾನು ಅದೇ ತಿರುವಿನಲ್ಲಿತ್ತು. ಅವಳು ತಾತನನ್ನು ಎಬ್ಬಿಸಿ ಮೆಟ್ಟಿಲ ಮೇಲೆ ಕೂರಿಸಿದಳು. ಚೆಲ್ಲಿದ ಪೇಪರುಗಳ ನಡುವೆ ದೊರೆ ಅವಳನ್ನು ಕಂಡು ಬಾಲ ಅಲ್ಲಾಡಿಸುತ್ತಿತ್ತು.

"ಯಾರೂ ನೋಡಿಲ್ಲಕ್ಕ, ಮನೆಗೆ ಬಿಟ್ಬಿಡೋಣ," ಎಂದ ಡ್ರೈವರ್.

"ತಾತ ನೋಡಿದ್ದಾರಲ್ಲೋ," ಎಂದು ಆಕೆ ವ್ಯಾನಿನ ಬಾಗಿಲು ತೆಗೆದಳು.

ಅಂದಿನಿಂದ ಅತ್ತೆ ಅವಳೊಡನೆ ಮಾತು ಬಿಟ್ಟಿದ್ದಾಳೆ. ಎದುರಿಗೇ ನಿಂತಿದ್ದರೂ ಮಗನ ಮೂಲಕವೇ ವ್ಯವಹಾರ. "ಸ್ನಾನಕ್ಕೆ ನೀರು ಕಾದಿದೆ ಅಂತ ಹೇಳೋ ಅವಳಿಗೆ." ನಡುವೆ ಸಿಕ್ಕಿಕೊಂಡ ಗಂಡ ಹೇಳುತ್ತಾನೆ, ಪಾಪ. ರಾತ್ರಿ ಅತ್ತೆ ದೊರೆಯ ಖಾಲಿ ತಟ್ಟೆಯನ್ನು ತೊಳೆದಿಡುವುದನ್ನು ಸೊಸೆ ನೋಡಿದ್ದಾಳೆ. ನೋಡಿ, ತಾನೂ ಮಗ್ಗುಲು ತಿರುಗಿ ಅತ್ತಿದ್ದಾಳೆ.

ಇವತ್ತು ಸಂಜೆ ಶೆಡ್ಡಿನ ಬಾಗಿಲು ಹಾಕುವ ಹೊತ್ತಾಗಿದೆ. ನಾಯಿ ಬೇಕೆಂದು ದಂಪತಿಗಳಿಬ್ಬರು ಬಂದು ಗೂಡುಗಳ ಮುಂದೆ ಓಡಾಡುತ್ತಿದ್ದಾರೆ. ದೊರೆಯ ಗೂಡಿನ ಮುಂದೆ ಅವರು ನಿಂತಾಗ ಅವಳು ಹೊರಬಾಗಿಲ ಕಡೆ ನೋಡುತ್ತಾಳೆ. ಆಗ ಹೊರಗೆ ಚಪ್ಪಲಿಯ ಸದ್ದು. ಬಟ್ಟೆ ಒಣಗಿಸುವ ನೀಲಿ ಹಗ್ಗವನ್ನು ಕೈಯಲ್ಲಿ ಹಿಡಿದು ಅತ್ತೆ ನಿಂತಿದ್ದಾಳೆ. ಹಿತ್ತಲಿನಿಂದ ಕೊಯ್ದುಕೊಂಡು ಬಂದಿದ್ದಾಳೆ, ಬಟ್ಟೆ ಕ್ಲಿಪ್ಪೊಂದು ಇನ್ನೂ ಅದರಲ್ಲಿ ನೇತಾಡುತ್ತಿದೆ.

"ಇಲ್ಲಿ ಕೆಲಸ ಮಾಡೋರಿಗೆ ಹೇಳಪ್ಪ, ನಾಯಿ ಬಿಡೋಕೆ," ಎನ್ನುತ್ತಾಳೆ ಡ್ರೈವರಿಗೆ, ಮುಖ ದಪ್ಪ ಮಾಡಿಕೊಂಡು.

ಅಲ್ಲಿ ಕೆಲಸ ಮಾಡುವವಳು ಬೇರೆ ಯಾರಿಗಾದರೂ ಹೇಳುವಂತೆಯೇ ಹೇಳುತ್ತಾಳೆ. "ಹಗ್ಗಾನ ಕೈಗೆ ಸುತ್ಕೋಬೇಡಿ, ಎಳೆದ್ರೆ ಬೀಳ್ತೀರಿ. ಹೀಗೆ ಹಿಡೀರಿ." ಮುದುಕಿಯ ಬೆರಳುಗಳನ್ನು ತಾನೇ ಮಡಚಿ ತೋರಿಸುತ್ತಾಳೆ. ಅತ್ತೆ ಕೈ ಹಿಂದಕ್ಕೆಳೆದುಕೊಳ್ಳುವುದಿಲ್ಲ.

"ಆ ಪೇಪರಿನವರ ಮನೆ ಎಲ್ಲಿ?" ಎಂದು ಕೇಳುತ್ತಾಳೆ. ಈ ಸಲ ಕೇಳಿದ್ದು ಡ್ರೈವರನ್ನಲ್ಲ.

ಮಾರನೆಯ ಬೆಳಗ್ಗೆ ವ್ಯಾನು ಅವಳ ಮನೆಯ ಬೀದಿಗೆ ತಿರುಗಿದಾಗ ನೀಲಿ ಹಗ್ಗದ ಒಂದು ತುದಿಯಲ್ಲಿ ದೊರೆ, ಇನ್ನೊಂದು ತುದಿಯಲ್ಲಿ ಅತ್ತೆ. ಹಗ್ಗವನ್ನು ಕೊರಳಿಗೆ ಹಾಕಿಕೊಂಡಿದ್ದ ನಿನ್ನೆಯ ಯಜಮಾನರನ್ನು ಅತ್ತೆ ನಡುಬೀದಿಯಲ್ಲಿ ತಡೆದು ನಿಲ್ಲಿಸಿದ್ದಾಳೆ. ಅವರು ತಮ್ಮ ನಾಯಿ ಏನೂ ಮಾಡಲ್ಲ ಎನ್ನುತ್ತಿರಬೇಕು. ಡ್ರೈವರ್ ವ್ಯಾನು ನಿಧಾನ ಮಾಡುತ್ತಾನೆ. ಸೊಸೆ ಕಿಟಕಿಗೆ ಕಿವಿ ಕೊಡುತ್ತಾಳೆ.

"ಮೊದಲು ಕಟ್ರೀ ಸ್ವಾಮಿ," ಎನ್ನುತ್ತಿದ್ದಾಳೆ ಅತ್ತೆ, ಬೀದಿಗೆಲ್ಲ ಕೇಳುವ ಹಾಗೆ. "ನಮ್ಮ ಸೊಸೆ ಬರೋ ಹೊತ್ತಾಯ್ತು. ಅವಳು ನನ್ನನ್ನೇ ಬಿಡಲಿಲ್ಲ, ನಿಮ್ಮನ್ನು ಬಿಡ್ತಾಳಾ?"