ಸೀಟಿಯಲ್ಲೇ ಕಂಡ ಸರೋವರ

ಬೆಳಕು ಇನ್ನೂ ಬೆಟ್ಟದ ಆಚೆಗೇ ಇದೆ. ಡೇರೆಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಗಾಜಿನ ಪುಡಿಯಂತಾಗಿದೆ. ಚಾರಣಕ್ಕೆ ಬಂದವರು ಕೈ ಉಜ್ಜಿಕೊಳ್ಳುತ್ತ ಸ್ಟವ್ ಸುತ್ತ ನಿಂತು ಬೆಟ್ಟದ ನೆತ್ತಿ ನೋಡುತ್ತಿದ್ದರೆ, ಕೊನೆಯಣ್ಣ ಅವರ ಕಾಲು ನೋಡುತ್ತಿದ್ದಾರೆ. ಶಾಲೆಯ ದಿನ ಹೊಟ್ಟೆನೋವು ಎನ್ನುವ ಮಗುವನ್ನು ತಾಯಿ ನೋಡುತ್ತಾಳಲ್ಲ, ಹಾಗೆ. ವ್ಯತ್ಯಾಸವೊಂದೇ: ಇಲ್ಲಿರುವವರು ನೋವಿದ್ದರೂ ಇಲ್ಲ ಎನ್ನುವವರು.

"ಇವತ್ತು ಎಲ್ಲರೂ ಗಟ್ಟಿ ಇದ್ದಾರೆ ಕಣೋ," ಎಂದು ಅಡುಗೆಯವನ ಕಿವಿಯಲ್ಲಿ ಹೇಳುತ್ತಾರೆ.

"ಸುಮ್ನಿರಣ್ಣ, ನಿನ್ನ ಕಣ್ಣೇ ಬಿದ್ದೀತು!"

ಕೊನೆಯಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕೆಲಸ ಇಟ್ಟಿದ್ದು. ತಂಡದ ಮುಂದೆ ಗೈಡ್, ಕಟ್ಟಕಡೆಗೆ ಇವರು. ಯಾರಿಗೆ ತಲೆ ಸುತ್ತಿತೋ, ಯಾರ ಮಂಡಿ ಮುನಿಸಿಕೊಂಡಿತೋ, ಅವರನ್ನು ಕರೆದುಕೊಂಡು ಇಳಿಯುವುದು ಇವರ ಪಾಲು. ಹಿಂದಿನಿಂದ ಎರಡು ಸೀಟಿ ಕೇಳಿದರೆ ಒಬ್ಬರು ವಾಪಸ್ಸು ಎಂದರ್ಥ. ನೆತ್ತಿ ಹತ್ತಿ ಆಚೆಗಿನ ಸರೋವರ ಕಂಡಾಗ ಗೈಡ್ ಉದ್ದಕ್ಕೆ ಒಂದು ಸೀಟಿ ಊದುತ್ತಾನೆ. ಹದಿನಾಲ್ಕು ಬೇಸಿಗೆಗಳಿಂದ ಆ ಉದ್ದನೆಯ ಸೀಟಿಯನ್ನು ಕೊನೆಯಣ್ಣ ಕೇಳುತ್ತಲೇ ಇದ್ದಾರೆ. ಕೆಳಗಿನಿಂದ.

ಒಮ್ಮೆ ಮಾತ್ರ ಯಾರೂ ಸೋಲಲಿಲ್ಲ. ನೆತ್ತಿಯವರೆಗೂ ಹೋದರು. "ಅವತ್ತಿನ ಮಂಜಲ್ಲಿ ನನ್ನ ಕೈಯೇ ನನಗೆ ಕಾಣ್ಲಿಲ್ಲ. ಕೊಳ ಎಲ್ಲಿಂದ ಕಾಣ್ಬೇಕು?" ಎಂದು ನಗುತ್ತಾರೆ. ಇಲ್ಲಿಯ ಹವೆಯೇ ಹಾಗೆ, ಗಳಿಗೆಗೊಂದು ಮುಖ. ಬೆಳಗ್ಗೆ ಬಿಸಿಲಿಗೆ ಟೋಪಿ ಹುಡುಕಿದವರು ಮಧ್ಯಾಹ್ನ ಆಲಿಕಲ್ಲಿಗೆ ತಲೆ ತಗ್ಗಿಸುತ್ತಾರೆ.

ಹೋಗಿ ಬಂದವರು ಹೇಳಿದ್ದಷ್ಟೇ ಇವರ ಆಸ್ತಿ. ಒಬ್ಬರಿಗೆ ಕೊಳ ನೀಲಿ, ಇನ್ನೊಬ್ಬರಿಗೆ ಹಸಿರು, ಮತ್ತೊಬ್ಬರಿಗೆ ಇದ್ದಿಲಿನಂತೆ ಕಪ್ಪು. "ಇಷ್ಟು ಜನದಲ್ಲಿ ಯಾರೋ ಸುಳ್ಳು ಹೇಳ್ತಿದ್ದಾರೆ. ಯಾರು ಅಂತ ಹಿಡಿಯೋಕಾದ್ರೂ ನಾನು ಹೋಗ್ಬೇಕು," ಎನ್ನುತ್ತಾರೆ. ತಮಾಷೆಯಂತೆ ಹೇಳಿದರೂ ಕಣ್ಣು ಬೆಟ್ಟದ ಸಾಲು ಬಿಟ್ಟು ಕದಲುವುದಿಲ್ಲ.

ಬೆಟ್ಟದ ಬುಡದ ತಂಗುಮನೆಯಲ್ಲಿ ಬಟ್ಟೆ ಒಗೆಯುವ ಹೆಂಡತಿ ಇದನ್ನೆಲ್ಲ ಕೇಳಿ ಕೇಳಿ ಸಾಕಾದವರು. "ನಮ್ಮನೆಯವರದ್ದು ಊರಿಗೆಲ್ಲ ಬಡಿಸೋ ಕೆಲಸ. ಇವರ ಎಲೆಗೆ ಬರೋ ಹೊತ್ತಿಗೆ ಪಾತ್ರೆ ಖಾಲಿ!"

ಇವತ್ತಿನದು ಹಿಮ ಬೀಳುವ ಮುಂಚಿನ ಕೊನೆಯ ಚಾರಣ. ಕೊನೆಯಣ್ಣನ ಮಂಡಿಯೂ ಈ ವರ್ಷ ನೋಟಿಸ್ ಕೊಟ್ಟಿದೆ. ಮುಂದಿನ ಬೇಸಿಗೆಗೆ ಅದು ಏನನ್ನುತ್ತದೋ ಯಾರಿಗೆ ಗೊತ್ತು.

ಮಧ್ಯಾಹ್ನದ ಹೊತ್ತಿಗೆ ನೆತ್ತಿ ಕೂಗಳತೆಯಲ್ಲಿದೆ. ಇವರ ಮುಂದೆ ನಡೆಯುತ್ತಿರುವುದು ನಿವೃತ್ತ ನರ್ಸ್ ಒಬ್ಬರು. ಗಾಳಿ ತಣ್ಣಗಾಗುತ್ತಲೇ ಅವರು ಚೀಲದಿಂದ ಕೈಗವಸು ತೆಗೆದು ಎಡಗೈಯದನ್ನು ಬಲಗೈಗೆ ತೂರಿಸುತ್ತಾರೆ. ಹೆಬ್ಬೆರಳಿಗೆ ಜಾಗ ಸಿಕ್ಕುವುದಿಲ್ಲ. ಮತ್ತೆ ತೂರಿಸುತ್ತಾರೆ, ಅದೇ ಕೈಗೆ. ಎತ್ತರ ತಲೆಗೇರಿದವರಿಗೆ ಮೊದಲು ತಪ್ಪುವುದೇ ಎಡಬಲ. ಕೊನೆಯಣ್ಣ ನೋಡಿಯೂ ನೋಡದಂತೆ ಒಂದು ಕ್ಷಣ ನೆತ್ತಿಯ ಕಡೆ ಮುಖ ಮಾಡುತ್ತಾರೆ. ಆಮೇಲೆ ಹತ್ತಿರ ಬಂದು ಗವಸನ್ನು ಸರಿಯಾದ ಕೈಗೆ ತೊಡಿಸುತ್ತಾರೆ.

"ಸಾಕಕ್ಕ, ಇಳಿಯೋಣ."

"ಇನ್ನು ನಾಲ್ಕು ಹೆಜ್ಜೆ ಅಲ್ವೇನಪ್ಪಾ?" ನರ್ಸ್ ಮಾತು ತೊದಲುತ್ತಿದೆ.

"ಹೌದಕ್ಕ. ನಾಲ್ಕೇ."

ಎರಡು ಸೀಟಿ. ಅಷ್ಟರಲ್ಲಿ ಆಲಿಕಲ್ಲು.

ಇಂಥ ಹೊತ್ತಲ್ಲಿ ವಾಪಸ್ಸಾಗುವವರಲ್ಲಿ ಕೆಲವರು ಬಯ್ಯುತ್ತಾರಂತೆ, ಕೆಲವರು ಅಳುತ್ತಾರಂತೆ. "ನನಗೂ ಅಳು ಬರುತ್ತೆ. ಆದ್ರೆ ನಾನು ಹಿಂದೆ ಇರ್ತೀನಲ್ಲ, ಯಾರಿಗೂ ಕಾಣಲ್ಲ," ಎನ್ನುತ್ತಾರೆ ಕೊನೆಯಣ್ಣ.

ಇಬ್ಬರೂ ಅರ್ಧ ದಾರಿ ಇಳಿದಾಗ ಮೋಡ ಹರಿದು ಬಿಸಿಲು ಬೀಳುತ್ತದೆ, ಏನೂ ಆಗಿಲ್ಲವೆಂಬಂತೆ. ಮೇಲಿನಿಂದ ಉದ್ದನೆಯ ಸೀಟಿ ತೇಲಿ ಬರುತ್ತದೆ. ಕೊನೆಯಣ್ಣನ ಕಾಲು ತಾನಾಗಿ ನಿಲ್ಲುತ್ತದೆ. ಕೆಳಗಿಳಿದಷ್ಟೂ ನರ್ಸ್‌ಗೆ ತಲೆ ತಿಳಿಯಾಗಿದೆ. "ನನ್ನಿಂದ ನಿಮಗೂ ತಪ್ಪಿತಲ್ಲ," ಎನ್ನುತ್ತಾರೆ.

"ಮಾತಾಡಿದ್ರೆ ಉಸಿರು ಖರ್ಚಾಗುತ್ತೆ ಅಕ್ಕ. ಬಿಸಿನೀರು ಕುಡೀರಿ."

ಸಂಜೆ ಮನೆಯ ಹೊಸ್ತಿಲಲ್ಲಿ ಕೂತು ಬೂಟು ಬಿಚ್ಚುವಾಗ, ಏನಾಯಿತೆಂದು ಹೆಂಡತಿಗೆ ಗೊತ್ತಾಗುತ್ತದೆ. ಮುಖ ನೋಡಿದರೆ ಸಾಕು. ಮಂಡಿಗೆ ಎಣ್ಣೆ ಬಿಸಿ ಮಾಡಿ ತರುತ್ತಾರೆ. ಕಾಲು ಚಾಚುತ್ತ ಕೊನೆಯಣ್ಣ ಹೇಳುತ್ತಾರೆ: "ಕೊಳದ ಮಾತು ಹಾಗಿರಲಿ. ಒಂದ್ಸಲ ನನ್ನ ಹಿಂದೆ ಯಾರಾದ್ರೂ ನಡೀತಿರಬೇಕು. ನಾನು ತಿರುಗಿ ನೋಡದೇ ಹತ್ತಬೇಕು. ಅಷ್ಟೇ ಆಸೆ."

"ಬರೋ ಬೇಸಿಗೆಗೆ ನಾನೇ ಬರ್ತೀನಿ ಬಿಡಿ, ನಿಮ್ಮ ಹಿಂದೆ." ಎಣ್ಣೆ ತಿಕ್ಕುತ್ತಲೇ ಹೆಂಡತಿ ತಲೆ ಎತ್ತುತ್ತಾರೆ. "ಅರ್ಧ ದಾರೀಲಿ ನಾನೇ ಸುಸ್ತಾಗಿ ಕೂತ್ರೆ?"

ಕೊನೆಯಣ್ಣ ಯೋಚಿಸುವುದೂ ಇಲ್ಲ.

"ಇನ್ನೇನು, ಇಳಿಸ್ಕೊಂಡು ಬರ್ತೀನಿ."