ಬಸವಂತ್ರಾಯರ ಹನ್ನೆರಡು ಅತ್ತಿಗಿಡಗಳು

ನಿಜಾಮರ ರಾಜ್ಯ ಐದು ದಿನದಲ್ಲಿ ಶರಣಾಯಿತು. ನಮ್ಮ ಬಸವಂತ್ರಾಯ ಇಂಜಿನಿಯರರ ತೋಟ ಏಳು ವರ್ಷ ತಡೆದು ನಿಂತಿತು. ಇತಿಹಾಸ ಬರೆದವರು ಈ ಎರಡನೆಯ ಯುದ್ಧವನ್ನು ಬಿಟ್ಟುಬಿಟ್ಟಿದ್ದಾರೆ. ಶತ್ರುಪಕ್ಷದ ಬಂಡಿಯಲ್ಲಿ ಕೊಡಲಿ ಹಿಡಿದು ಕೂತವರಲ್ಲಿ ನಾನೂ ಒಬ್ಬನಾದ್ದರಿಂದ, ಬರೆಯುವ ಹಕ್ಕು ನನಗಿದೆ.

ಪೊಲೀಸ್ ಆಕ್ಷನ್ ಆದ ಮರುವರ್ಷ ಅವರು ರಸ್ತೆ ಇಲಾಖೆಯಿಂದ ನಿವೃತ್ತರಾಗಿ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದರು. ಒಂದು ಕೈಯಲ್ಲಿ ದಿಲ್‌ರುಬಾ ಎಂಬ ತಂತಿವಾದ್ಯ, ಇನ್ನೊಂದರಲ್ಲಿ ಅಳತೆಯ ಸರಪಳಿ, ಹಿಂದೆ ಹೆಂಡತಿ ಸುಗಲಮ್ಮ. ಮೂವತ್ತು ವರ್ಷ ರಸ್ತೆ ಅಗಲ ಮಾಡಲು ಮರ ಕಡಿಸಿದ ಮನುಷ್ಯ, ಶಹಾಪುರ-ಸುರಪುರ ದಾರಿಯಲ್ಲಿರುವ ನಮ್ಮೂರ ಹೊಲದಲ್ಲಿ ಮರ ಬೆಳೆಸುತ್ತೇನೆಂದು ಕೂತರು. ಬೇವು, ಹುಣಸೆ, ಹೊಂಗೆ ಎಲ್ಲ ಹಾಕಿದರು. ಆದರೆ ಅವರ ಪ್ರಾಣವಿದ್ದದ್ದು ಹಳ್ಳದ ಒಡ್ಡಿನ ಮೇಲಿನ ಹನ್ನೆರಡು ಅತ್ತಿಗಿಡಗಳಲ್ಲಿ. ಸರಪಳಿ ಎಳೆದು, ದಾರ ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ ಒಂದೇ ಸಾಲಿನಲ್ಲಿ ನೆಟ್ಟಿದ್ದರು.

“ಒಂದರ ಗಿಡ ನೆಟ್ಟಗ ಮುಗಿಲಿಗಿ ಹೋಗೂದು ನೋಡಿ ಸಾಯ್ತೇನಿ,” ಎನ್ನುತ್ತಿದ್ದರು.

ಸರ್ಕಾರಿ ಬಂಗಲೆಗಳಲ್ಲಿ ಬಾಳಿದವರಿಗೆ ಒಂದು ಸಂಗತಿ ತಿಳಿದಿರಲಿಲ್ಲ. ನಮ್ಮ ಕಡೆ ಮದುವೆಯ ಹಂದರಕ್ಕೆ ಮೊದಲು ನಿಲ್ಲುವುದು ಹಾಲಗಂಬ. ಅದಕ್ಕೆ ಕಡಿದರೆ ಹಾಲು ಸುರಿಯುವ ಅತ್ತಿಯೇ ಬೇಕು, ನೆಟ್ಟಗಿರಲೇಬೇಕು. ಗಿಡಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದ ಮೇಲೆ ಗಿಡದ ಒಡೆಯ ಕೊಡುವುದಿಲ್ಲವೆಂದರೆ ಮದುಮಗಳಿಗೆ ಶಾಪ ಹಾಕಿದಂತೆ. ಸುತ್ತ ನಾಲ್ಕು ಹಳ್ಳಿಗಳಲ್ಲಿ ಅಷ್ಟು ನೆಟ್ಟಗಿನ ಅತ್ತಿ ಬೇರೆಲ್ಲೂ ಇರಲಿಲ್ಲ.

ಗಿಡಗಳು ಆಳೆತ್ತರ ದಾಟಿದ ಬೇಸಿಗೆ ಮೊದಲ ಬಂಡಿ ಹೋಯಿತು. ಮುಂದೆ ಸನಾದಿ ಊದುವ ದುರಗಪ್ಪ. ಬಸವಂತ್ರಾಯರು ಕೊಡೆಯನ್ನು ಕತ್ತಿಯಂತೆ ಹಿಡಿದು ಒಡ್ಡಿನ ಮೇಲೆ ನಿಂತರು.

“ಕುಂಕುಮದ ಬಟ್ಟಲ ತೆಗದ್ರ ನೋಡ್ರಿ!”

ಅಷ್ಟರಲ್ಲಿ ದುರಗಪ್ಪ ಭೈರವಿ ಎತ್ತಿದ. ಗಾಂಧಾರ ಸ್ವರ ಕೂದಲೆಳೆಯಷ್ಟು ಏರಿತ್ತು. ಸಾಹೇಬರ ಮುಖ ಹುಣಸೆಕಾಯಿ ಕಚ್ಚಿದಂತಾಯಿತು.

“ನಿಲ್ಲಸಲೇ! ಗಾಂಧಾರ ಏರೈತಿ, ಇಳಸು.”

“ಹ್ಯಾಂಗ್ರಿ ಸಾಹೇಬ್ರ? ಜರಾ ತೋರಸ್ರಿ.”

ಅವರು ಕೊಡೆ ಎಸೆದು ಒಳಗೆ ಓಡಿ ದಿಲ್‌ರುಬಾ ತಂದರು. ಗಾಂಧಾರ ಸರಿಹೋಗುವ ಹೊತ್ತಿಗೆ ಕಾಯಿ ಒಡೆದಾಗಿತ್ತು, ಮೊದಲ ಗಿಡದ ತಲೆ ಬಂಡಿಯಲ್ಲಿ ಹೊರಟಿತ್ತು. ಬುಡ ಮುಂದೆ ಬದಿಬದಿಗೆ ಚಿಗುರಿ ಪೊದೆಯಾಯಿತು.

ಮುಂದಿನ ಬೇಸಿಗೆಗಳಲ್ಲಿ ಇದೇ ನಮ್ಮ ಯುದ್ಧತಂತ್ರ. ಒಮ್ಮೆ ಮಧ್ಯಮ ತಪ್ಪಿತು, ಒಮ್ಮೆ ತಾಳ ತಪ್ಪಿತು. ಸಾಹೇಬರು ತಿದ್ದುತ್ತ ಹೋದರು, ಗಿಡಗಳು ಬೋಳಾಗುತ್ತ ಹೋದವು. ಗಿಡ ಉಳಿಸಿಕೊಡಿ ಎಂದು ನಿಜಾಮರ ಕಾಲದ ಹಳೆಯ ಕಚೇರಿಗೆ ಉರ್ದುವಿನಲ್ಲಿ ಅರ್ಜಿ ಕೊಟ್ಟರು. ಆ ಕಚೇರಿಯೇ ಎದ್ದುಹೋಯಿತು. ಹೊಸದಕ್ಕೆ ಕನ್ನಡದಲ್ಲಿ ಕೊಟ್ಟರು. ಒಬ್ಬ ಅಧಿಕಾರಿ ಖುದ್ದಾಗಿ ಬಂದು, ಸಾಲು ನೋಡಿ ತಲೆದೂಗಿ, “ನಮ್ಮ ತಂಗಿ ಲಗ್ನ ಐತ್ರಿ, ಆ ನಡುವಿಂದು…” ಎಂದ.

“ನೀವು ಸುರ ಹಿಡೀತೀರಿ, ಅವರು ಗಿಡ ಹಿಡೀತಾರ,” ಎಂದು ಸುಗಲಮ್ಮ ನಕ್ಕರು. ಸಾಹೇಬರು ಆ ದಿನ ಊಟ ಮಾಡಲಿಲ್ಲ.

ಕನ್ನಡನಾಡು ಒಂದಾಗಲಿದ್ದ ವರ್ಷದ ಬೇಸಿಗೆಗೆ ಉಳಿದದ್ದು ಹನ್ನೆರಡನೆಯದೊಂದೇ. ಸುತ್ತ ಜಾಲಿಮುಳ್ಳಿನ ಕೋಟೆ, ಸಾಹೇಬರ ಕಿವಿಯಲ್ಲಿ ಹತ್ತಿ. ಈ ಸಲ ದುರಗಪ್ಪ ಒಬ್ಬನೇ ಬಂದ. ಮದುವೆ ಅವನ ಮಗಳು ಲಾಲಮ್ಮನದೇ. ಬೇಲಿಯಾಚೆ ನಿಂತು ಭೈರವಿ ಊದಿದ. ಸಾಹೇಬರು ಮೊದಲು ಒಂದು ಕಿವಿಯ ಹತ್ತಿ ತೆಗೆದರು, ಆಮೇಲೆ ಇನ್ನೊಂದರದು. ತಪ್ಪಿಗಾಗಿ ಕಾದರು. ಮುಗಿಯುವವರೆಗೂ ಕಾದರು.

“ಎಲ್ಲೂ ತಪ್ಪಲಿಲ್ಲಲ್ಲೋ!”

“ನೀವ ಕಲಿಸಿದ್ದಲ್ರಿ.”

“ಬದ್ಮಾಷ್! ಒಂದರ ತಪ್ಪಿದ್ರ ಬೈದು ಕಳಸ್ತಿದ್ದೆ. ಈಗ ಏನಂತ ಕಳಸ್ಲಿ?”

ಕೊಡಲಿಯನ್ನು ಯಾರಿಗೂ ಕೊಡದೆ, ತಾವೇ ಓರೆಯಾಗಿ ಕಡಿದು, ಒಣಗದಂತೆ ಕಂಬದ ಬುಡಕ್ಕೆ ಸಗಣಿ ಮೆತ್ತಿ ಕೊಟ್ಟರು. ಬೆನ್ನು ತಿರುಗಿಸಿ ಒಳಗೆ ಹೋದರು.

ಲಗ್ನವಾದ ಮೇಲೆ ಬೇರೆಯವರು ಹಾಲಗಂಬ ಕಿತ್ತು ಹಳ್ಳಕ್ಕೆ ಬಿಡುತ್ತಿದ್ದರು. ದುರಗಪ್ಪನಿಗೆ ಕೀಳಲು ಮನಸ್ಸಾಗಲಿಲ್ಲ. ಮಳೆ ಬಿತ್ತು, ಕಂಬ ಚಿಗುರಿತು. ನಾಲ್ಕು ವರ್ಷದಲ್ಲಿ ಅವನ ಮಾಳಿಗೆ ಮೀರಿತು.

ಬಸವಂತ್ರಾಯರು ಸಾಯುವ ವರ್ಷದವರೆಗೂ ಸಂಜೆ ಅದರ ಕೆಳಗೆ ಕೂತು ದಿಲ್‌ರುಬಾ ನುಡಿಸುತ್ತಿದ್ದರು. ಅದಕ್ಕೂ ಮೊದಲು ಒಂದು ಕಣ್ಣು ಮುಚ್ಚಿ ನೋಡುವುದು ತಪ್ಪುತ್ತಿರಲಿಲ್ಲ.

“ಎರಡು ಗೇಣು ಎಡಕ್ಕ ವಾಲೇತಿ. ಹೂಳೂವಾಗ ನನ್ನ ಕರೀಬಾರದಿತ್ತೇನಲೇ?”

“ವಾಲೇತಂತನ ಉಳದೈತ್ರಿ ಸಾಹೇಬ್ರ,” ಎನ್ನುತ್ತಿದ್ದ ದುರಗಪ್ಪ.

ನಿಜ. ಪ್ರತಿ ಬೇಸಿಗೆ ಹಾಲಗಂಬ ಹುಡುಕುವ ಬಂಡಿಗಳು ಅದರ ಮುಂದೆಯೇ ಹಾಯ್ದು ಹೋಗುತ್ತಿದ್ದವು. ಸೊಟ್ಟ ಗಿಡದತ್ತ ಯಾರೂ ಕತ್ತೆತ್ತಲಿಲ್ಲ. ಸಾಹೇಬರು ಅದಕ್ಕೂ ಸಿಟ್ಟಾಗುತ್ತಿದ್ದರು.